ಕಾರಣ ಹೇಳುವ ಧೈರ್ಯ

ಪ್ರಿಯ ಸಹೋದರ ಸಹೋದರಿಯರೇ, ಕರ್ತನ ಹೆಸರಿನಲ್ಲಿ ನಿಮಗೆಲ್ಲ ವಂದನೆಗಳು.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಬಹಳ ವರ್ಷಗಳ ಹಿಂದೆ ನಾನೊಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ವರ್ಷದ ಲೆಕ್ಕ ಮುಗಿಸುವ ದಿನಗಳು. ಮೇಲಧಿಕಾರಿ ಒಂದು ಬಿಲ್ಲು ತಂದು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ಹೋದ ತಿಂಗಳ ತಾರೀಖು ಹಾಕಿಬಿಡಿ" ಅಂದರು. ಆ ಬಿಲ್ಲಿನ ಸಾಮಾನು ಇನ್ನೂ ಬಂದೇ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ತಾರೀಖು ಹಾಕಲಿಲ್ಲ. ಆದರೆ ಏನಂದೆ ಗೊತ್ತಾ? "ಕಂಪ್ಯೂಟರ್ ಹಳೇ ತಾರೀಖು ತಗೊಳ್ತಿಲ್ಲ ಸಾರ್" ಅಂದೆ. ಅದು ತಗೊಳ್ಳುತ್ತಿತ್ತು. ನಾನು ಹಾಕಿ ನೋಡಿಯೇ ಇರಲಿಲ್ಲ.

ಅವತ್ತು ರಾತ್ರಿ ಪ್ರಾರ್ಥನೆಗೆ ಕೂತರೆ ಮಾತು ಹೊರಡಲಿಲ್ಲ. ಸುಳ್ಳು ತಾರೀಖು ತಪ್ಪಿಸಲು ಸುಳ್ಳು ಮಾತು ಹೇಳಿದ್ದೆ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ವಿಷಯ. ಆಗಲ್ಲ ಅನ್ನಲು ನನ್ನ ಹತ್ತಿರ ನಿಜವಾದ ಕಾರಣವೇ ಇತ್ತು. ನಾನು ಯೇಸುವನ್ನು ನಂಬಿದವನು, ಅದೇ ಕಾರಣ. ಆ ಹೆಸರು ಬಾಯಿಗೆ ಬರಲಿಲ್ಲ, ಕಂಪ್ಯೂಟರಿನ ಹೆಸರು ಬಂತು.

ಕೆಲಸದ ಜಾಗದಲ್ಲಿ ವಿಶ್ವಾಸವನ್ನು ಬಹಿರಂಗವಾಗಿ ಬಾಳುವುದು ಅಂದರೆ ಏನು ಅಂತ ಯೋಚಿಸುವಾಗಲೆಲ್ಲ ನನಗೆ ಆ ಬಿಲ್ಲು ನೆನಪಾಗುತ್ತದೆ. ನಮ್ಮಲ್ಲಿ ಬಹಳ ಜನ ಒಳ್ಳೆಯವರಾಗಿಯೇ ಕೆಲಸ ಮಾಡುತ್ತಾರೆ. ಕಾರಣ ಮಾತ್ರ ಹೇಳುವುದಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಎರಡು ಮಾತುಗಳು ಹತ್ತಿರ ಹತ್ತಿರವೇ ಬರುತ್ತವೆ. 5ನೇ ಅಧ್ಯಾಯದಲ್ಲಿ, ದೀಪ ಹಚ್ಚಿ ಯಾರೂ ಕೊಳಗದ ಕೆಳಗಿಡುವುದಿಲ್ಲ, ಜನ ನಿಮ್ಮ ಒಳ್ಳೆಯ ಕೆಲಸಗಳನ್ನು ನೋಡಿ ಪರಲೋಕದ ತಂದೆಯನ್ನು ಕೊಂಡಾಡಲಿ ಅನ್ನುತ್ತಾನೆ. 6ನೇ ಅಧ್ಯಾಯಕ್ಕೆ ಬಂದರೆ, ಜನ ನೋಡಲಿ ಅಂತ ಮಾಡಬೇಡಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅನ್ನುತ್ತಾನೆ. ಚಿಕ್ಕವನಿದ್ದಾಗ ಇವೆರಡೂ ಹೇಗೆ ಕೂಡುತ್ತವೆ ಅಂತ ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಗಮನಿಸಿದೆ: 6ನೇ ಅಧ್ಯಾಯದಲ್ಲಿ ಮುಚ್ಚಿಡಿ ಅಂದಿದ್ದು ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನು. ಭಕ್ತರು ಅಂತ ನಮಗೆ ಹೆಸರು ತರುವ ಕೆಲಸಗಳು ಇವೇ ಅಲ್ವಾ? ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಎಷ್ಟು ಕಾಣಿಕೆ ಕೊಟ್ಟೆವು, ಎಷ್ಟು ದಿನ ಉಪವಾಸವಿದ್ದೆವು ಅನ್ನುವುದು ಹತ್ತು ಜನಕ್ಕೆ ಹೇಗೋ ಗೊತ್ತಾಗಿಬಿಡುತ್ತದೆ. ಯಾವ ಕಾಗದಕ್ಕೆ ಸಹಿ ಹಾಕಲಿಲ್ಲ, ಯಾಕೆ ಹಾಕಲಿಲ್ಲ ಅನ್ನುವುದು ಯಾರ ಕಿವಿಗೂ ಬೀಳುವುದಿಲ್ಲ.

ಹಾಗಾದರೆ ದಾನಿಯೇಲ ಕಿಟಕಿ ತೆರೆದು ಪ್ರಾರ್ಥಿಸಿದನಲ್ಲ ಅಂತ ನೀವು ಕೇಳಬಹುದು. ದಾನಿಯೇಲನ ಪುಸ್ತಕದ 6ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅವನು ಸರ್ಕಾರಿ ಕೆಲಸದವನು. ಅರಸ ದಾರ್ಯಾವೆಷನ 120 ಅಧಿಪತಿಗಳ ಮೇಲೆ ನೇಮಿಸಿದ್ದ 3 ಮುಖ್ಯಸ್ಥರಲ್ಲಿ ಒಬ್ಬ. ಅವನನ್ನು ಬೀಳಿಸಬೇಕು ಅಂದುಕೊಂಡವರು ಮೊದಲು ಹುಡುಕಿದ್ದು ಅವನ ಭಕ್ತಿಯಲ್ಲಿ ಅಲ್ಲ, ಅವನ ಆಡಳಿತದಲ್ಲಿ. ಅಲ್ಲಿ ಒಂದು ತಪ್ಪೂ ಸಿಗಲಿಲ್ಲ. ಆಗಲೇ ಪ್ರಾರ್ಥನೆಯ ವಿಷಯಕ್ಕೆ ಬಂದರು. 30 ದಿನ ಅರಸನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅಂತ ಕಾನೂನು ಮಾಡಿಸಿದರು. ಅದು ಗೊತ್ತಾದ ಮೇಲೂ ದಾನಿಯೇಲ ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ ಮೊಣಕಾಲೂರಿ, ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಅಲ್ಲೊಂದು ಸಣ್ಣ ಮಾತಿದೆ: ಅವನು ಮೊದಲು ಮಾಡುತ್ತಿದ್ದ ಹಾಗೆಯೇ ಮಾಡಿದ. ಯಾರಿಗೋ ತೋರಿಸಲು ಹೊಸದಾಗಿ ಕಿಟಕಿ ತೆರೆಯಲಿಲ್ಲ. ಹೆದರಿ ಮುಚ್ಚಲೂ ಇಲ್ಲ. ಇದಕ್ಕಾಗಿ ಅವನನ್ನು ಸಿಂಹದ ಗುಂಡಿಗೆ ಹಾಕಿದ ಕಥೆ ನಮಗೆ ಚೆನ್ನಾಗಿ ಗೊತ್ತು. ಅದಕ್ಕೂ ಮುಂಚೆ ಅವನ ಕಡತಗಳನ್ನು ಜಾಲಾಡಿದ್ದರು ಅನ್ನುವುದು ಮರೆತುಹೋಗಿದೆ.

ಪೌಲನದೂ ಹೀಗೇ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ದಂಪತಿಯ ಜೊತೆ ಇದ್ದುಕೊಂಡು ಗುಡಾರ ಹೊಲಿಯುತ್ತಿದ್ದ. ಎಫೆಸದ ಸಭೆಯ ಹಿರಿಯರನ್ನು ಬೀಳ್ಕೊಡುವಾಗ, ನನ್ನ ಮತ್ತು ನನ್ನ ಜೊತೆಯವರ ಹೊಟ್ಟೆಪಾಡಿಗೆ ದುಡಿದದ್ದು ಈ ಕೈಗಳೇ ಅಂದ. ಆ ಕೈಗಳಲ್ಲಿ ಸೂಜಿ ಚುಚ್ಚಿದ ಗುರುತು ಇದ್ದಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ.

ಈಗ ಇಂಗ್ಲೆಂಡಿನ 17ನೇ ಶತಮಾನಕ್ಕೆ ಬರೋಣ. ಆಗ ಅಂಗಡಿಗಳಲ್ಲಿ ಚೌಕಾಸಿ ಮಾಡುವುದು ಮಾಮೂಲು. ಮಾರುವವನು ಜಾಸ್ತಿ ಹೇಳಬೇಕು, ಕೊಳ್ಳುವವನು ಕಡಿಮೆ ಕೇಳಬೇಕು. ಇದರಲ್ಲೂ ಸುಳ್ಳಿದೆ ಅಂತ ಕ್ವೇಕರ್ ಪಂಥದ ಕ್ರೈಸ್ತರಿಗೆ ಅನಿಸಿತು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಯೇಸು ಹೇಳಿದ್ದಾನಲ್ಲ. ಹಾಗಾಗಿ ಅವರು ವಸ್ತುವಿಗೆ ಒಂದೇ ಬೆಲೆ ಹೇಳಲು ಶುರು ಮಾಡಿದರು. ಅವರ ಮುಂದಾಳು ಜಾರ್ಜ್ ಫಾಕ್ಸ್ ಬರೆದಿರುವಂತೆ, ಮೊದಮೊದಲು ಇವರಿಗೆ ವ್ಯಾಪಾರವೇ ಆಗಲಿಲ್ಲ. ಇವರು ಗಿರಾಕಿಗಳಿಗೆ ಟೋಪಿ ತೆಗೆದು ತಲೆಬಾಗುತ್ತಿರಲಿಲ್ಲ, ಜನರಿಗೆ ಅದೂ ಸಿಟ್ಟು. ಬರಬರುತ್ತಾ, ಇವರ ಅಂಗಡಿಗೆ ಮಗುವನ್ನು ಕಳಿಸಿದರೂ ಮೋಸವಾಗಲ್ಲ ಅಂತ ಜನರಿಗೆ ಗೊತ್ತಾಯಿತು.

ಪ್ರಾಮಾಣಿಕರಾದರೆ ವ್ಯಾಪಾರ ಹೆಚ್ಚುತ್ತದೆ ಅಂತ ಹೇಳಲು ನಾನು ಇದನ್ನು ತರಲಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಕಳೆದುಕೊಂಡದ್ದು ವಾಪಸ್ ಬಾರದ ವಿಶ್ವಾಸಿಗಳು ಎಷ್ಟೋ ಜನ ಇದ್ದಾರೆ. ನನ್ನ ಮನಸ್ಸು ನಿಲ್ಲುವುದು ಆ ಮೊದಲ ದಿನಗಳ ಮೇಲೆ. ಅಂಗಡಿಗೆ ಯಾರೂ ಬರುತ್ತಿಲ್ಲ, ಹೇಳುವ ಬೆಲೆ ಮಾತ್ರ ಬದಲಾಗುತ್ತಿಲ್ಲ.

ಇದೇ ಪಂಥದಲ್ಲಿ 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾನ್ ವೂಲ್ಮನ್ ಹುಟ್ಟಿದ. ಯುವಕನಾಗಿದ್ದಾಗ ಮೌಂಟ್ ಹಾಲಿ ಅನ್ನುವ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ದಿನ ಮಾಲೀಕ ತನ್ನ ಗುಲಾಮ ಹೆಂಗಸನ್ನು ಮಾರಿದ. ಕ್ರಯಪತ್ರ ಬರೆದುಕೊಡು ಅಂತ ವೂಲ್ಮನ್‌ಗೆ ಹೇಳಿದ. ಕೊಳ್ಳುವವನು ಕಾಯುತ್ತಾ ನಿಂತಿದ್ದ. ಅವನೂ ಇದೇ ಪಂಥಕ್ಕೆ ಸೇರಿದ ವಯಸ್ಸಾದ ಮನುಷ್ಯ. ವೂಲ್ಮನ್‌ಗೆ ಸಂಕಟವಾಯಿತು, ಆದರೂ ಬರೆದುಕೊಟ್ಟ. ಬರೆಯುವಾಗ ಇಬ್ಬರ ಎದುರಿಗೇ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪುವಂಥದ್ದಲ್ಲ ಅಂತ ನನ್ನ ನಂಬಿಕೆ ಅಂದ. ಇದರಿಂದ ಅವನ ಸಂಕಟ ಸ್ವಲ್ಪ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಇದು ನನ್ನಿಂದಾಗದು, ಬಿಟ್ಟುಬಿಡಿ ಅಂತ ಕೇಳಿಕೊಳ್ಳಬೇಕಿತ್ತು ಅಂತ ಆಮೇಲೆ ತಾನೇ ಬರೆದಿಟ್ಟಿದ್ದಾನೆ.

ಈ ಕಥೆಯಲ್ಲಿ ನನಗೆ ತುಂಬ ಹತ್ತಿರವಾದದ್ದು ಇದು. ಮೊದಲ ಸಲ ಅವನೂ ಸೋತ. ನಾನು ತಾರೀಖು ಹಾಕದೆ ಕಾರಣ ಮುಚ್ಚಿಟ್ಟೆ, ಅವನು ಕಾರಣ ಹೇಳಿ ಪತ್ರ ಬರೆದುಕೊಟ್ಟ. ಎರಡೂ ಅರ್ಧರ್ಧ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಒಬ್ಬ ಯುವಕ ಇಂಥದ್ದೇ ಪತ್ರಕ್ಕೆ ಬಂದಾಗ ಪ್ರೀತಿಯಿಂದಲೇ ಆಗಲ್ಲ ಅಂದ. ಆಗ ಆ ಯುವಕನೂ, ಈ ವಿಷಯ ನನ್ನ ಮನಸ್ಸಿಗೂ ಪೂರ್ತಿ ಒಪ್ಪಿಗೆಯಿಲ್ಲ ಅಂದನಂತೆ.

ಆಮೇಲೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟು ಬಿದ್ದು ಮಲಗಿದ್ದ ನೆರೆಯವನೊಬ್ಬ ವೂಲ್ಮನ್‌ನನ್ನು ಕರೆಸಿದ, ಉಯಿಲು ಬರೆದುಕೊಡು ಅಂತಲೂ ಕೇಳಿದ. ಯಾವ ಆಸ್ತಿ ಯಾರಿಗೆ ಅಂತ ಹೇಳುತ್ತಾ, ತನ್ನ ಗುಲಾಮ ಹುಡುಗಿ ಯಾವ ಮಗುವಿಗೆ ಸೇರಬೇಕು ಅಂತಲೂ ಹೇಳಿದ. ವೂಲ್ಮನ್ ಎಲ್ಲವನ್ನೂ ಬರೆದ, ಆ ಹುಡುಗಿಯ ವಿಷಯ ಒಂದನ್ನು ಬಿಟ್ಟು. ಕಾಗದವನ್ನು ಹಾಸಿಗೆಯ ಹತ್ತಿರ ತಂದು ಓದಿ ಹೇಳಿದ. ಇಷ್ಟು ಬರೆದಿದ್ದಕ್ಕೆ ನನಗೆ ಹಣ ಬೇಡ, ಮನುಷ್ಯರನ್ನು ಗುಲಾಮರನ್ನಾಗಿ ಮಾಡುವ ಪತ್ರ ಬರೆದರೆ ನನ್ನ ಮನಸ್ಸಿಗೆ ನೆಮ್ಮದಿ ಇರಲ್ಲ, ಆ ಭಾಗ ನನ್ನಿಂದ ಆಗಲ್ಲ ಅಂದ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಇಬ್ಬರೂ ಕೂತು ಮಾತಾಡಿದರು. ಕೊನೆಗೆ ಆ ಮನುಷ್ಯ ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ. ಆಗ ವೂಲ್ಮನ್ ಉಯಿಲನ್ನು ಬರೆದು ಮುಗಿಸಿದ.

ವೂಲ್ಮನ್ 1772ರಲ್ಲಿ ಸಿಡುಬು ಬಂದು ತೀರಿಕೊಂಡ. 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಸಭೆ, ಗುಲಾಮರನ್ನು ಇಟ್ಟುಕೊಂಡವರು ನಮ್ಮ ಸದಸ್ಯರಾಗಿರುವಂತಿಲ್ಲ ಅಂತ ತೀರ್ಮಾನಿಸಿತು. ಅವನ ಹಾಗೆ ದುಡಿದ ಬೇರೆಯವರೂ ಇದ್ದರು. ಆದರೂ ಹಾಸಿಗೆ ಪಕ್ಕದ ಆ ಅರ್ಧ ಬರೆದ ಕಾಗದ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ನಿಮ್ಮಲ್ಲಿ ಕೆಲವರ ಕೈಕೆಳಗೆ ಜನ ಕೆಲಸ ಮಾಡುತ್ತಾರೆ. ಸಂಬಳ, ಬಡ್ತಿ, ರಜೆ ಕೊಡುವ ಕೈ ನಿಮ್ಮದಾಗಿದ್ದರೆ, ಅದೇ ಕೈಯಿಂದ ಸುವಾರ್ತೆಯ ಕರಪತ್ರ ಕೊಡಬೇಡಿ. ತೆಗೆದುಕೊಳ್ಳುವವನಿಗೆ ಬೇಡ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಅದನ್ನು ವಿನಯದಿಂದ, ಗೌರವದಿಂದ ಕೊಡಿ ಅಂತ ಪೇತ್ರ ಬರೆಯುತ್ತಾನೆ. ಕೇಳುವವರಿಗೆ ಅನ್ನುವ ಪದ ನನಗೆ ತುಂಬ ಮುಖ್ಯ. ಅಧಿಕಾರ ಇರುವವರು ನ್ಯಾಯವಾಗಿ ನಡೆದುಕೊಂಡು ಕಾಯಬೇಕು. ತಪ್ಪು ಮಾಡಿದಾಗ ಕೆಳಗಿನವರ ಹತ್ತಿರ ಕ್ಷಮೆ ಕೇಳಬೇಕು. ಎಷ್ಟೋ ಪ್ರಸಂಗಗಳಿಗಿಂತ ಜೋರಾಗಿ ಅದು ಮಾತಾಡುತ್ತದೆ.

ನನ್ನ ಬಿಲ್ಲಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ವರ್ಷ ಅದೇ ಹೊತ್ತಿಗೆ ಇನ್ನೊಂದು ಬಿಲ್ಲು ಬಂತು. ಎದೆ ಡವಡವ ಅಂತಿತ್ತು. "ಸಾರ್, ನಾನು ಕ್ರೈಸ್ತ. ಸಾಮಾನು ಬಾರದೆ ಬಂದಿದೆ ಅಂತ ಬರೆಯೋಕೆ ನನ್ನಿಂದ ಆಗಲ್ಲ. ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂದೆ. ಅವರು ಏನೂ ಹೇಳದೆ ಕಾಗದ ಎತ್ತಿಕೊಂಡು ಹೋದರು. ಸುಮಾರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಸಂಜೆ ಪಕ್ಕದ ಮೇಜಿನ ಗೆಳೆಯ ಬ್ಯಾಗು ಹೆಗಲಿಗೆ ಹಾಕಿಕೊಂಡವನು ನನ್ನ ಹತ್ತಿರ ಬಂದು ನಿಂತ. "ಹೋದ ವರ್ಷ ಕಂಪ್ಯೂಟರ್ ತಗೊಳ್ತಿಲ್ಲ ಅಂದಿದ್ರಲ್ಲ?" ಅಂತ ಕೇಳಿದ.

"ಅದು ಸುಳ್ಳು" ಅಂದೆ. "ಆಗ ನಿಜ ಹೇಳೋಕೆ ಹೆದರಿಕೆ ಆಗಿತ್ತು."

ಅವನು ಬ್ಯಾಗು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತ.