ಕಣ್ಣು ಕೆಂಪಾಯಿತಾ? ಅಂದೇ ಬನ್ನಿ

ನಮಸ್ಕಾರ. ಗ್ಲುಕೋಮಾ ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಹಾಳಾಗುವ ಕಾಯಿಲೆ. ಅದರ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಇವತ್ತು ನಾನು ಹೇಳುವುದು ಒಂದೇ ಮಾತು. ಆಪರೇಷನ್ ಆದ ಕಣ್ಣು ಕೆಂಪಾದರೆ ಅಂದೇ ಬನ್ನಿ.

ಕಣ್ಣಿನೊಳಗೆ ಸದಾ ತಿಳಿನೀರು ಹುಟ್ಟುತ್ತದೆ, ಅಂಚಿನ ಸಣ್ಣ ಜಾಲರಿಯಿಂದ ಹೊರಗೆ ಹೋಗುತ್ತದೆ. ಸಿಂಕಿನ ಪೈಪಿದ್ದಂತೆ, ಕಟ್ಟಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಚೆಂಡೋ ಹೋಳಿಯ ಬಲೂನೋ ಬಡಿದರೆ ಆ ಜಾಗಕ್ಕೆ ಏಟು. ನೋವು ವಾರದಲ್ಲಿ ಹೋಗುತ್ತದೆ, ಒತ್ತಡ ಎಷ್ಟೋ ವರ್ಷ ಬಿಟ್ಟೂ ಏರಬಹುದು.

ಮುಂಬೈಯ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರೊಬ್ಬರಿದ್ದಾರೆ, ಕುಂದಾಪುರ ಕಡೆಯವರು. ಹುಡುಗರಾಗಿದ್ದಾಗ ಊರ ಗದ್ದೆಯಲ್ಲಿ ಕ್ರಿಕೆಟ್ ಚೆಂಡು ಬಲಗಣ್ಣಿಗೆ ಬಡಿದಿತ್ತು. ಅವರು ಮರೆತೇಬಿಟ್ಟಿದ್ದರು. ನಲವತ್ತು ದಾಟಿದ ಮೇಲೆ ಕನ್ನಡಕಕ್ಕೆಂದು ಬಂದರು. 21ರೊಳಗೆ ಇರಬೇಕಾದ ಒತ್ತಡ 38! ಡ್ರಾಪ್ಸಿಗೆ ಬಗ್ಗಲಿಲ್ಲ. ಟ್ರಾಬೆಕ್ಯುಲೆಕ್ಟಮಿ ಮಾಡಿದೆವು. ಅಂದರೆ ಬಿಳಿಗುಡ್ಡೆಯಲ್ಲಿ ನೀರು ಹೋಗಲು ಪುಟ್ಟ ದಾರಿ. ಮೇಲ್ರೆಪ್ಪೆ ಎತ್ತಿದರೆ ಅಲ್ಲೊಂದು ತೆಳ್ಳನೆ ಗುಳ್ಳೆ ಕಾಣುತ್ತದೆ. ಪೆಟ್ಟು ತಿಂದ ಕಣ್ಣು ಈ ದಾರಿಯನ್ನು ಬೇಗ ಮುಚ್ಚಿಕೊಳ್ಳಲು ನೋಡುತ್ತದೆ. ಹಾಗಾಗಬಾರದೆಂದು ಮೈಟೊಮೈಸಿನ್ ಅನ್ನುವ ಔಷಧಿ ಹಚ್ಚುತ್ತೇವೆ. ದಾರಿ ತೆರೆದಿರುತ್ತದೆ, ಆದರೆ ಗುಳ್ಳೆ ಇನ್ನೂ ತೆಳುವಾಗುತ್ತದೆ. ಕ್ರಿಮಿ ನುಗ್ಗಲು ಅಷ್ಟು ಸಾಕು.

ಒತ್ತಡ 12ಕ್ಕೆ ಇಳಿಯಿತು. ಎರಡು ವರ್ಷ ಚೆನ್ನಾಗಿದ್ದರು. ಗಣಪತಿ ಹಬ್ಬ ಬಂತು, ಹೋಟೆಲಲ್ಲಿ ರಶ್ಶು, ಕಣ್ಣು ಕೆಂಪಾಯಿತು. ಮದ್ರಾಸ್ ಐ ಇರಬೇಕು ಅಂತ ಪಕ್ಕದ ಮೆಡಿಕಲ್‌ನಿಂದ ಯಾವುದೋ ಡ್ರಾಪ್ಸು ತಂದು ಬಿಟ್ಟುಕೊಂಡರು. ವಿಸರ್ಜನೆ ಮುಗಿಸಿ ನನ್ನ ಹತ್ತಿರ ಬಂದಾಗ ಗುಳ್ಳೆ ಬೆಳ್ಳಗಾಗಿತ್ತು, ಸುತ್ತ ಕಡುಗೆಂಪು, ಕಣ್ಣೊಳಗೆ ಕೀವು. ಇಂಜೆಕ್ಷನ್ ಕೊಟ್ಟೆವು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಆ ಕಣ್ಣಿಗೆ ಈಗ ನೂರರ ನೋಟು, ಐನೂರರ ನೋಟು ಎರಡೂ ಒಂದೇ. "ರಜೆ ಸಿಗಲಿಲ್ಲ ಡಾಕ್ಟ್ರೇ" ಅಂದರು. ಗಲ್ಲಾದಲ್ಲಿ ಅರ್ಧ ದಿನ ಕೂರಲು ಬೇರೆ ಯಾರೂ ಇರಲಿಲ್ವಾ?

ಆಪರೇಷನ್ ಆಗಿ ಹತ್ತು ವರ್ಷವೇ ಕಳೆದಿರಲಿ. ಕೆಂಪು, ನೋವು, ಪಿಸುರು, ಮಂಜು, ಯಾವುದು ಕಂಡರೂ ಅಂದೇ ಬನ್ನಿ. ಭಾನುವಾರವಾದರೂ ಸರಿ.

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಆಪರೇಷನ್ ಆದ ಹೊಸದರಲ್ಲಿ ಒತ್ತಡ ತೀರಾ ಇಳಿಯುವುದೂ ಉಂಟು. ಅದಕ್ಕೇ ಭಾರ ಎತ್ತಬೇಡಿ, ಕಣ್ಣು ಉಜ್ಜಬೇಡಿ ಅನ್ನುವುದು. ದಾರಿ ಮುಚ್ಚಿಹೋದರೆ ನೀರು ಹೋಗಲು ಪುಟ್ಟ ಟ್ಯೂಬು ಹಾಕಬಹುದು. ಡ್ರಾಪ್ಸು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ.

ಆಸ್ಪತ್ರೆಗೆ ಹೋದಾಗ ಸುಮ್ನೆ ಕ್ಯೂನಲ್ಲಿ ಕೂರಬೇಡಿ. "ಇದು ಗ್ಲುಕೋಮಾ ಆಪರೇಷನ್ ಆದ ಕಣ್ಣು, ಕೆಂಪಾಗಿದೆ" ಅಂತ ಕೌಂಟರಿನಲ್ಲೇ ಹೇಳಿ. ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಿ, ಮರಾಠಿಯಲ್ಲಾದರೂ ಸರಿ, ಹಿಂದಿಯಲ್ಲಾದರೂ ಸರಿ. ನಮಸ್ಕಾರ.