ತಟ್ಟಿ ನೋಡುವ ವಿದ್ಯೆ

ಕೇಳುಗರಿಗೆಲ್ಲ ನಮಸ್ಕಾರ.

ಹಲಸಿನ ಹಣ್ಣು ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೀರಿ, ಅಲ್ವಾ? ತೆಂಗಿನಕಾಯಿಯನ್ನೂ ಹಾಗೆಯೇ. ಕೊಯ್ಯದೆ, ಒಡೆಯದೆ, ಬರೀ ಸದ್ದಿನಿಂದ ಒಳಗಿನ ಸಮಾಚಾರ ತಿಳಿಯುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದೂ ಇದನ್ನೇ. ಸ್ಕ್ಯಾನ್ ಮಂಚದ ಮೇಲೆ ಮಲಗಿದವರು ಎಷ್ಟೋ ಸಲ ನನ್ನನ್ನು ಕೇಳುತ್ತಾರೆ, "ಡಾಕ್ಟ್ರೇ, ಈ ಎಕ್ಸ್‌ರೇಯಿಂದ ಮಗುವಿಗೆ ಏನೂ ಆಗಲ್ವಾ?" ಇದು ಎಕ್ಸ್‌ರೇ ಅಲ್ಲಮ್ಮ, ಇದರಲ್ಲಿ ವಿಕಿರಣ ಇಲ್ಲ, ಬರೀ ಸದ್ದು ಅನ್ನುತ್ತೇನೆ.

ಆದರೆ ಆ ಸದ್ದು ನಮಗೆ ಕೇಳಿಸುವುದಿಲ್ಲ. ನಮ್ಮ ಕಿವಿಗೆ ನಿಲುಕುವುದು ಸೆಕೆಂಡಿಗೆ 20 ಸಾವಿರ ಕಂಪನದವರೆಗೆ. ಹೊಟ್ಟೆಯ ಸ್ಕ್ಯಾನಿಗೆ ಬೇಕಾಗುವುದು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನ. ನಾವು ಕೈಯಲ್ಲಿ ಹಿಡಿಯುವ ಪ್ರೋಬ್ ಒಳಗೆ ವಿಶೇಷವಾದ ಹರಳುಗಳಿವೆ. ಕರೆಂಟ್ ಕೊಟ್ಟರೆ ಅದುರುತ್ತವೆ, ಸದ್ದು ಹೊರಡುತ್ತದೆ. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುತ್ತದೆ. ದಾರಿಯಲ್ಲಿ ಒಂದು ಅಂಗ ಮುಗಿದು ಇನ್ನೊಂದು ಶುರುವಾಗುವ ಕಡೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ತಿರುಗಿ ಬರುತ್ತದೆ. ಬಂದದ್ದನ್ನು ಅದೇ ಹರಳು ಕೇಳಿಸಿಕೊಳ್ಳುತ್ತದೆ. ಬೇಗ ಬಂದರೆ ಹತ್ತಿರದ್ದು, ತಡವಾದರೆ ಆಳದ್ದು. ಜೋರಾಗಿ ಬಂದದ್ದು ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ನೀರು ಸದ್ದನ್ನು ತಡೆಯದೆ ಬಿಟ್ಟುಬಿಡುತ್ತದೆ, ಅದಕ್ಕೇ ಕಪ್ಪು.

ಪಿತ್ತಕೋಶದ ಕಲ್ಲನ್ನು ನೋಡುವಾಗ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಪಿತ್ತ ತುಂಬಿದ ಚೀಲ ಪೇರಳೆ ಹಣ್ಣಿನ ಆಕಾರದಲ್ಲಿ ಕಪ್ಪಗೆ ಕಾಣುತ್ತದೆ. ತಳದಲ್ಲಿ ಕಲ್ಲು, ಬೆಳ್ಳನೆಯ ಗೆರೆ. ಅದರ ಹಿಂದೆ ಉದ್ದಕ್ಕೆ ನೆರಳು, ಯಾಕೆಂದರೆ ಕಲ್ಲನ್ನು ದಾಟಿ ಸದ್ದು ಮುಂದೆ ಹೋಗಲೇ ಇಲ್ಲ. ಆಗ ರೋಗಿಗೆ ಮಗ್ಗುಲಾಗಲು ಹೇಳುತ್ತೇವೆ. ಕಲ್ಲು ಉರುಳಿದರೆ ಅನುಮಾನ ಉಳಿಯುವುದಿಲ್ಲ.

ಈ ಸದ್ದಿಗೆ ದೊಡ್ಡ ಅಡ್ಡಿ ಗಾಳಿ. ಚರ್ಮಕ್ಕೂ ಪ್ರೋಬಿಗೂ ನಡುವೆ ಒಂದು ಎಳೆ ಗಾಳಿ ಇದ್ದರೂ ಹೆಚ್ಚುಕಡಿಮೆ ಎಲ್ಲ ಸದ್ದೂ ಅಲ್ಲೇ ವಾಪಸ್. ತಣ್ಣಗಿನ ಜೆಲ್ ಹಚ್ಚುವುದು ಅದಕ್ಕೇ. ಅದು ಔಷಧಿ ಅಲ್ಲ. "ನೀರು ಕುಡಿದು ಮೂತ್ರ ತಡೆದುಕೊಂಡು ಕೂತ್ಕೊಳ್ಳಿ" ಅಂದರೆ ಸುಮ್ನೆ ಸತಾಯಿಸುವುದಲ್ಲ. ತುಂಬಿದ ಮೂತ್ರಕೋಶ ಗಾಳಿ ಇರುವ ಕರುಳನ್ನು ಪಕ್ಕಕ್ಕೆ ಸರಿಸಿ, ಗರ್ಭಕೋಶ ನೋಡಲು ಕಿಟಕಿಯಂತೆ ಒದಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದೂ ಹೀಗೆಯೇ. ಊಟ ಮಾಡಿದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಗ್ಯಾಸೂ ಜಾಸ್ತಿ.

ಇದು ಆಸ್ಪತ್ರೆಗೆ ಬಂದ ಕಥೆ ನನಗೆ ಬಹಳ ಇಷ್ಟ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅನ್ನುವ ಹೆರಿಗೆ ಡಾಕ್ಟರ್ ಇದ್ದರು. ಅಲ್ಲೇ ಹತ್ತಿರದ ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕನ್ನು ಸದ್ದಿನಿಂದ ಪತ್ತೆ ಮಾಡುತ್ತಿದ್ದರು. 1955ರಲ್ಲಿ ಡೊನಾಲ್ಡ್, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದರು. ಹೋಲಿಸಿ ನೋಡಲು ಒಂದು ದೊಡ್ಡ ಮಾಂಸದ ತುಂಡನ್ನೂ ಇಟ್ಟಿದ್ದರು. ನೀರು ತುಂಬಿದ ಗಡ್ಡೆಯ ಮಾರ್ದನಿಯೇ ಬೇರೆ, ಗಟ್ಟಿ ಗಡ್ಡೆಯದೇ ಬೇರೆ! ಆಮೇಲೆ ಟಾಮ್ ಬ್ರೌನ್ ಅನ್ನುವ ಯುವ ಎಂಜಿನಿಯರ್ ಜೊತೆಯಾದರು. ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿಗೆ ಯಂತ್ರ ಹಿಡಿದರು. ಕಂಡದ್ದು ಅಂಡಾಶಯದ ದೊಡ್ಡ ನೀರ್ಗಡ್ಡೆ. ತೆಗೆದರು, ಆಕೆ ಬದುಕಿದರು. 1958ರಲ್ಲಿ ಡೊನಾಲ್ಡ್, ಅವರ ಜೊತೆಯ ಡಾಕ್ಟರ್ ಮ್ಯಾಕ್‌ವಿಕಾರ್ ಮತ್ತು ಬ್ರೌನ್ ಬರೆದ ಲೇಖನ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಎಲ್ಲವೂ ಇದರಲ್ಲಿ ಕಾಣುವುದಿಲ್ಲ. ಗಾಳಿ ತುಂಬಿದ ಶ್ವಾಸಕೋಶದ ಆಳ, ಮೂಳೆಯ ಹಿಂದಿನದು ಇದಕ್ಕೆ ಕಷ್ಟ. ದಪ್ಪ ಮೈಯಲ್ಲಿ ಚಿತ್ರ ಮಸುಕಾಗುತ್ತದೆ. ಆದ್ದರಿಂದ ರಿಪೋರ್ಟಿನ ಒಂದು ಪದ ಹಿಡಿದು ರಾತ್ರಿಯೆಲ್ಲ ನಿದ್ದೆಗೆಡಬೇಡಿ. ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರಿಗೇ ತೋರಿಸಿ.

ಇನ್ನು ಗಂಡೋ ಹೆಣ್ಣೋ ಎಂಬ ಮಾತು. 1994ರ ಕಾಯ್ದೆಯ ಪ್ರಕಾರ ಅದನ್ನು ಹೇಳುವುದು ಅಪರಾಧ. ದಯವಿಟ್ಟು ನಮ್ಮನ್ನು ಕೇಳಬೇಡಿ. ಕೇಳುವಂತೆ ಮನೆಯವರು ಬಸುರಿಯನ್ನು ಒತ್ತಾಯಿಸಲೂಬೇಡಿ, ಆ ಹೆಣ್ಣುಮಕ್ಕಳ ಮುಖ ನೋಡಲಾಗುವುದಿಲ್ಲ.

ಮಗುವಿನ ಎದೆಬಡಿತವನ್ನು ಮಾತ್ರ ಕೇಳಿ. ಚಲಿಸುವುದಕ್ಕೆ ತಾಗಿ ಬಂದ ಸದ್ದಿನ ವ್ಯತ್ಯಾಸವನ್ನು ಯಂತ್ರ ನಮ್ಮ ಕಿವಿಗೂ ಕೇಳುವಂತೆ ಮಾಡುತ್ತದೆ. ನಿಮಿಷಕ್ಕೆ 110ರಿಂದ 160 ಬಡಿತ, ಕುದುರೆ ಓಡಿದ ಹಾಗೆ. ಅದು ಕೇಳಿಸಿದ ಕೂಡಲೇ ಬಾಗಿಲ ಹತ್ತಿರ ನಿಂತ ಅಜ್ಜಿ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ಒಳಗೆ ಬರುತ್ತಾರೆ.

ನಮಸ್ಕಾರ.