ಚುಕ್ಕೆ ಮಾಸಿದ ಮೇಲೂ ಮೂತ್ರ ನೋಡಿಸಿ

ಕೇಳುಗರಿಗೆ ನಮಸ್ಕಾರ. ಮಗುವಿನ ಕಾಲು, ಪೃಷ್ಠಗಳ ಮೇಲೆ ಕೆನ್ನೇರಳೆ ಚುಕ್ಕೆಗಳು ಏಳುತ್ತವೆ. ಬೆರಳಿನಿಂದ ಒತ್ತಿದರೂ ಬಣ್ಣ ಮಾಯವಾಗುವುದಿಲ್ಲ. ಹೊಟ್ಟೆನೋವು, ಕೀಲುನೋವು ಜೊತೆಗೂಡುತ್ತವೆ. ಇದು ಐಜಿಎ ವ್ಯಾಸ್ಕುಲೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಚೀಟಿಯಲ್ಲಿ ಎಚ್‌ಎಸ್‌ಪಿ ಎಂಬ ಹಳೆಯ ಹೆಸರಿದ್ದರೂ ಕಾಯಿಲೆ ಇದೇ. ಈ ಉರಿಯೂತ ಮೂತ್ರಪಿಂಡಕ್ಕೂ ತಗಲಬಹುದು, ಅದಕ್ಕೇ ಮೂತ್ರ ನೋಡಿಸುವುದು. ಕೆಲವು ವಾರಗಳಲ್ಲಿ ಚುಕ್ಕೆ ಮಾಸುತ್ತದೆ. ಅದರೊಂದಿಗೇ ಮನೆಯವರು ಮೂತ್ರ ಪರೀಕ್ಷೆಯನ್ನೂ ಕೈಬಿಡುತ್ತಾರೆ. ನನ್ನ ತಕರಾರು ಅಲ್ಲಿದೆ.

ಏಳು ವರ್ಷದ ಒಬ್ಬ ಹುಡುಗ ನೆನಪಾಗುತ್ತಾನೆ. ಚುಕ್ಕೆ ಮಾಸಿತ್ತು, ಆಟಕ್ಕೂ ಹೋಗುತ್ತಿದ್ದ. ತಂದೆ ರಕ್ತದ ವರದಿ ಹಿಡಿದು, "ಕ್ರಿಯೇಟಿನಿನ್ ಸರಿಯಾಗಿದೆಯಲ್ಲ ಡಾಕ್ಟರೇ, ಇನ್ನೂ ಮೂತ್ರ ಏಕೆ?" ಎಂದರು. ಕ್ರಿಯೇಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಸ. ಒಪ್ಪದೆ, ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಬಣ್ಣ ಬದಲಿಸುವ ಪಟ್ಟಿಗಳ ಡಬ್ಬಿ ಕೊಟ್ಟು ಕಳುಹಿಸಿದೆ. ಹುಡುಗನಿಗೆ ಅದೇ ಆಟವಾಯಿತು. ಬೆಳಿಗ್ಗೆ ಎದ್ದು, ಮೊದಲ ಮೂತ್ರದಲ್ಲಿ ಪಟ್ಟಿ ಅದ್ದಿ, ಅರವತ್ತರವರೆಗೆ ಎಣಿಸಿ, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ಪುಸ್ತಕದಲ್ಲಿ ಬರೆಯುತ್ತಿದ್ದ. ಹಳದಿ, ಹಳದಿ, ಹಳದಿ. ಐದನೆಯ ವಾರ ಪುಟದಲ್ಲಿ "ಹಸಿರು" ಎಂದಿತ್ತು, ಕೆಳಗೆ ಎರಡು ಗೆರೆ. ಮೂತ್ರ ನೋಡಲು ತಿಳಿಯಾಗಿಯೇ ಇತ್ತು. ಆದರೆ ಪ್ರೋಟೀನ್ ಸೋರುತ್ತಿತ್ತು. ಬಯಾಪ್ಸಿ, ಅಂದರೆ ಮೂತ್ರಪಿಂಡದ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿ ಚಿಕಿತ್ಸೆ ಶುರು ಮಾಡಿದೆವು, ಗುಣವಾಯಿತು. ಆ ಪುಸ್ತಕವನ್ನು ನಾನು ಕೇಳಿ ಇಟ್ಟುಕೊಂಡಿದ್ದೇನೆ.

ರಕ್ತದ ಕ್ರಿಯೇಟಿನಿನ್ ತಡವಾಗಿ ಬಾಯಿಬಿಡುವ ಸಾಕ್ಷಿ. ಮೂತ್ರಪಿಂಡದ ಸಾಮರ್ಥ್ಯ ಸುಮಾರು ಅರ್ಧ ಕುಸಿದ ಮೇಲೆಯೇ ಎಷ್ಟೋ ಸಲ ಅದು ಏರುತ್ತದೆ. ಮೂತ್ರ ಅಷ್ಟು ಕಾಯಿಸುವುದಿಲ್ಲ. ಸಂಶೋಧಕರು ಇನ್ನೂ ಮುಂಚಿನ ಸುಳಿವಿಗಾಗಿ ಅದರಲ್ಲಿ ಕಿಮ್-1, ಎನ್‌ಗ್ಯಾಲ್ ಎಂಬ ಪ್ರೋಟೀನ್‌ಗಳನ್ನು ಅಳೆಯುತ್ತಿದ್ದಾರೆ. ಮೂತ್ರಪಿಂಡದ ನಳಿಕೆಯ ಜೀವಕೋಶ ಗಾಯಗೊಂಡರೆ ಇವು ಮೂತ್ರಕ್ಕೆ ಇಳಿಯುತ್ತವೆ. ಇದನ್ನು ಹೇಳಲೆಂದೇ ಬಂದವನು ನಾನು, ಹುಡುಗನೇ ಹೊತ್ತು ತಿಂದುಬಿಟ್ಟ! ಆ ಪರೀಕ್ಷೆ ನಿಮ್ಮ ಪ್ರಯೋಗಾಲಯಕ್ಕೆ ಬರುವ ತನಕ ಪಟ್ಟಿ ಸಾಕು.

ಎಷ್ಟು ದಿನ? ಆರು ತಿಂಗಳು. ಮೂತ್ರಪಿಂಡಕ್ಕೆ ತಗಲುವುದಿದ್ದರೆ ಬಹುಪಾಲು ಮಕ್ಕಳಲ್ಲಿ ಅಷ್ಟರೊಳಗೇ ಕಾಣಿಸುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ನೋಡಿ, ಆಮೇಲೆ ವೈದ್ಯರು ಹೇಳಿದಂತೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟಾಗಿದೆ, ಇನ್ನು ಭಯವಿಲ್ಲ ಎನ್ನಬೇಡಿ. ಮೊದಲೇ ಕೊಟ್ಟ ಮಾತ್ರಕ್ಕೆ ಅದು ಮೂತ್ರಪಿಂಡವನ್ನು ಕಾಯುವುದಿಲ್ಲ. ಆರು ತಿಂಗಳು ಎಂದರೆ ಆರು ತಿಂಗಳು.

ರಕ್ತದೊತ್ತಡದ ಮಾತು ಉಳಿದೇ ಹೋಯಿತು. ಪ್ರತಿ ಭೇಟಿಯಲ್ಲೂ ಅಳೆಯಿಸಿ, ತೋಳಿಗೆ ಸುತ್ತುವ ಕಫ್ ಮಗುವಿನ ಅಳತೆಯದ್ದೇ ಇರಲಿ. ನಮಸ್ಕಾರ.